ಮಗುವಿನ ನೆಲೆ ಮತ್ತು ಜೀವನಾಂಶ

ತುಳುನಾಡಿನ ಸಿರಿ ಪಾಡ್ದನದಲ್ಲಿ ಸಿರಿಯು ಕಾಂತು ಪೂಂಜನೊಂದಿಗಿನ ದಾಂಪತ್ಯವನ್ನು ‘ಬರ’ ಎಂಬ ವಿಚ್ಛೇದನದಿಂದ ಕಡಿದುಕೊಂಡು, ಹಸುಳೆ ಕುಮಾರನನ್ನು ತನ್ನೊಂದಿಗೇ ಕರೆದೊಯ್ಯುತ್ತಾಳೆ. ಅಳಿಯಸಂತಾನ ಪದ್ಧತಿಯಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರುತ್ತಿತ್ತು. ಅದರ ಪೋಷಣೆಯ ಭಾರವನ್ನು ಕುಟುಂಬದ ಆಸ್ತಿಯೇ ಹೊರುತ್ತಿತ್ತು. ದಾಂಪತ್ಯ ಮುರಿದರೂ ಮಗುವಿನ ನೆಲೆ ಕದಲುತ್ತಿರಲಿಲ್ಲ.

ಆಧುನಿಕ ಕಾನೂನು ಈ ಹೊಣೆಯನ್ನು ತಂದೆತಾಯಿಗಳಿಗೆ ವಹಿಸಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಪ್ರಕರಣವು ಅದನ್ನು ಇಬ್ಬರ ಮೇಲೂ ಇರಿಸಿದರೆ, 25ನೆಯ ಪ್ರಕರಣವು ಪರಿಸ್ಥಿತಿ ಬದಲಾದಾಗ ಮೊತ್ತವನ್ನು ಮಾರ್ಪಡಿಸಲು ಅವಕಾಶವಿತ್ತಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ತಿಂಗಳಿಗೆ 500 ರೂಪಾಯಿಗಳ ಮಿತಿ 2001ರಲ್ಲಿ ರದ್ದಾಯಿತು. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನ ಮಾನ್ಯತೆಯನ್ನು ಶಿಫಾರಸು ಮಾಡಿತು.

ಎರಡು ಮನೆಗಳಲ್ಲಿ ಹಂಚಿ ಬೆಳೆಯುತ್ತಿದ್ದ ಮಗು ಒಂದೇ ಮನೆಯಲ್ಲಿ ನೆಲೆಸಿದಾಗ ವಿವಾದ ತಲೆದೋರುತ್ತದೆ. ಅನ್ನ, ಶಾಲೆ, ಔಷಧಗಳ ವೆಚ್ಚವೆಲ್ಲ ಒಬ್ಬರ ಪಾಲಿಗೆ ಬಂದರೂ ಹಳೆಯ ಆದೇಶ ಹಾಗೆಯೇ ಉಳಿದಿರುತ್ತದೆ. ಬಾಯಿಮಾತಿನ ಒಪ್ಪಂದದಿಂದ ಅದು ಬದಲಾಗದು, ನ್ಯಾಯಾಲಯವೇ ತಿದ್ದಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ಪ್ರಕರಣವೂ ಈ ಮಾರ್ಗವನ್ನು ಉಳಿಸಿಕೊಂಡಿದೆ. ಅಂದು ತಾಯಿಮನೆ ನೀಡುತ್ತಿದ್ದ ಆಸರೆಯನ್ನು ಇಂದು ಸಕಾಲದಲ್ಲಿ ತಿದ್ದಿದ ಆದೇಶವೇ ಮಗುವಿಗೆ ಒದಗಿಸಬೇಕಾಗಿದೆ.