ಘಮಘಮ ಗುಲಾಬಿ ಬೇಕಾ? ಗಿಡ ಕೊಳ್ಳುವಾಗಲೇ ತಳಿ ಕೇಳಿ

ಚಿಕ್ಕಬಳ್ಳಾಪುರ: ಜಿಲ್ಲೆಯ ಹೂವಿನ ತೋಟಗಳಲ್ಲಿ ಗುಲಾಬಿಗೆ ಬರ ಇಲ್ಲ. ಆದ್ರೆ ಮನೆ ಮುಂದೆ ಆಸೆಯಿಂದ ನೆಟ್ಟ ಗಿಡ ಬೊಗಸೆಯಷ್ಟು ದೊಡ್ಡ ಹೂ ಬಿಟ್ಟರೂ ಪರಿಮಳವೇ ಇರಲ್ಲ ಅನ್ನೋದು ಹಲವರ ಬೇಸರ. ಎಷ್ಟು ಗೊಬ್ಬರ ಹಾಕಿದ್ರೂ ಇಲ್ಲದ ಘಮ ಬರಲ್ಲ. ಅದು ತಳಿಯಲ್ಲೇ ಇರಬೇಕು.

ಹೈಬ್ರಿಡ್ ಟೀ ಅಂದ್ರೇನು?

ಉದ್ದ ಕಡ್ಡಿ, ಅದರ ತುದಿಗೆ ಮೊನಚಾದ ಮೊಗ್ಗು, ಸಾಮಾನ್ಯವಾಗಿ ಒಂದೇ ದೊಡ್ಡ ಹೂ. ಇದು ಹೈಬ್ರಿಡ್ ಟೀ ಗುಲಾಬಿಯ ಗುರುತು. ಫ್ರಾನ್ಸ್‌ನಲ್ಲಿ 1867ರಲ್ಲಿ ಬಂದ 'ಲಾ ಫ್ರಾನ್ಸ್' ಈ ಗುಂಪಿನ ಮೊದಲ ತಳಿ ಎಂದು ಹೇಳಲಾಗುತ್ತದೆ. ಪನ್ನೀರು ಗುಲಾಬಿ ಈ ಗುಂಪಿಗೆ ಸೇರಲ್ಲ.

ಪರಿಮಳ ಎಲ್ಲಿ ಹೋಯ್ತು?

ಬೊಕೆಗೆ ಬಳಸುವ ತಳಿಗಳನ್ನು ಬಣ್ಣ, ಬಾಳಿಕೆ, ಸಾಗಾಟ ನೋಡಿ ಆರಿಸಿದ್ದಾರೆ. ಹಾಗಾಗಿ ಅವುಗಳಲ್ಲಿ ಹೆಚ್ಚಿನವಕ್ಕೆ ಪರಿಮಳ ಕಡಿಮೆ. ಫ್ರಾನ್ಸ್ ವಿಜ್ಞಾನಿಗಳು ಘಮ ಇರುವ 'ಪಾಪಾ ಮೇಯಾಂ' ತಳಿಯನ್ನು ಘಮ ಇಲ್ಲದ ಮತ್ತೊಂದು ಕೆಂಪು ತಳಿ ಜೊತೆ ಹೋಲಿಸಿ, ಪರಿಮಳಕ್ಕೆ ಬೇಕಾದ ಒಂದು ಜೀನ್ ಎರಡನೆಯದರಲ್ಲಿ ಹೆಚ್ಚುಕಡಿಮೆ ಕೆಲಸವನ್ನೇ ಮಾಡ್ತಿಲ್ಲ ಎಂದು 2015ರಲ್ಲಿ ತೋರಿಸಿದರು.

ಯಾವ ತಳಿ ಕೇಳಬೇಕು?

* ಪಾಪಾ ಮೇಯಾಂ (1963): ಕಪ್ಪು ಛಾಯೆಯ ಕೆಂಪು, ಗಾಢ ಪರಿಮಳ.
* ಮಿಸ್ಟರ್ ಲಿಂಕನ್ (1964): ಕಡುಗೆಂಪು, ಗಟ್ಟಿ ಘಮ.
* ಡಬಲ್ ಡಿಲೈಟ್ (1977): ಕೆನೆ ಬಣ್ಣ, ಅಂಚಿಗೆ ಕೆಂಪು. ಬಿಸಿಲು ಬಿದ್ದಷ್ಟೂ ಕೆಂಪು ಏರುತ್ತೆ.

ಹೆಸರಿನ ಚೀಟಿ ನಂಬಿ ದುಡ್ಡು ಕೊಡೋದಕ್ಕಿಂತ, ಹೂ ಬಿಟ್ಟಿರುವ ಗಿಡವನ್ನೇ ಮೂಸಿ ನೋಡಿ ತರೋದು ಒಳ್ಳೇದು.

ನೆಡುವುದು

ದಿನಕ್ಕೆ ಕನಿಷ್ಠ 5–6 ಗಂಟೆ ಬಿಸಿಲು ಬೀಳುವ ಜಾಗ ಬೇಕು. ಒಂದೂವರೆ ಅಡಿ ಆಳದ ಗುಂಡಿ ತೆಗೆದು ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಕುಂಡವಾದ್ರೆ 12 ಇಂಚಿನದ್ದು ಇರಲಿ, ತಳದಲ್ಲಿ ತೂತು ಇರಲೇಬೇಕು. ಕಸಿ ಗಂಟು ಮಣ್ಣಿನಿಂದ ಒಂದೆರಡು ಇಂಚು ಮೇಲಿರಲಿ.

ಬುಡದ ಚಿಗುರಿನ ಬಗ್ಗೆ ಎಚ್ಚರ

ನರ್ಸರಿಯ ಗಿಡಗಳು ಸಾಮಾನ್ಯವಾಗಿ ಕಾಡು ಗುಲಾಬಿಯ ಬೇರಿಗೆ ಕಸಿ ಮಾಡಿದವು. ಗಂಟಿನ ಕೆಳಗಿಂದ ಬರುವ ಚಿಗುರು ಆ ಬೇರಿನದ್ದು. ಚೆನ್ನಾಗಿ ಚಿಗುರಿದೆ ಅಂತ ಖುಷಿಪಟ್ಟು ಬಿಟ್ಟರೆ ಅದೇ ಪೂರ್ತಿ ಗಿಡವಾಗಿ ಬೆಳೆದು ಕಸಿಯ ಭಾಗ ಒಣಗುತ್ತೆ. 'ನಮ್ಮ ಗುಲಾಬಿ ಕಾಡು ಗಿಡ ಆಗೋಯ್ತು' ಅನ್ನೋದಕ್ಕೆ ಇದೇ ಕಾರಣ. ಕಂಡ ಕೂಡಲೇ ಬುಡಸಮೇತ ಕಿತ್ತು ಹಾಕಿ.

ಬೋರ್‌ವೆಲ್ ನೀರು

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ ಇರಬಹುದು. ಗಡಸು ನೀರಿನಿಂದ ಮಣ್ಣು ಕ್ಷಾರವಾದಾಗ ಗಿಡ ಕಬ್ಬಿಣ ಹೀರಲ್ಲ. ಆಗ ಕಬ್ಬಿಣದ ಚಿಲೇಟ್ ಹಾಕಬಹುದು. ಸಾಧ್ಯವಾದ್ರೆ ಮಳೆ ನೀರು ಹಿಡಿದಿಟ್ಟು ಬಳಸಿ. ನೀರನ್ನು ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿ. ಎಲೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ದಾರಿ.

ಸವರುವುದು, ರೋಗ

ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ ಗಿಡ ಸವರಿ. ಒಣಗಿದ, ಒಳಮುಖವಾದ ಕಡ್ಡಿ ತೆಗೆದು, ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಸುಮಾರು 6–7 ವಾರಕ್ಕೆ ಹೂ ಬರುತ್ತೆ. ತುದಿಯಿಂದ ಕಡ್ಡಿ ಕಪ್ಪಾಗಿ ಒಣಗುತ್ತಾ ಬಂದರೆ ಹಸಿರು ಭಾಗದವರೆಗೂ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಹೇನು, ಥ್ರಿಪ್ಸ್ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ರಾಸಾಯನಿಕ ಔಷಧಿ ಹೊಡೆದ ಗಿಡದ ಹೂವನ್ನು ಗುಲ್ಕಂದ್‌ಗೆ, ಶರಬತ್ತಿಗೆ ಬಳಸಲೇಬೇಡಿ.

ಹೂ ಯಾವಾಗ ಕೀಳಬೇಕು?

ಬಿಸಿಲೇರಿದಂತೆ ಘಮ ಆವಿಯಾಗುತ್ತೆ. ಬೆಳಗ್ಗೆ, ಹೂ ಅರ್ಧ ಅರಳಿದಾಗ ಕಿತ್ತರೆ ಪರಿಮಳವೂ ಸಿಗುತ್ತೆ, ಬಾಳಿಕೆಯೂ ಬರುತ್ತೆ.