ವಿಹಾರ ದೋಣಿಗಳ ನೋಂದಣಿ: ಚೆನ್ನೈ

ವಿಹಾರಕ್ಕೂ ಕ್ರೀಡೆಗೂ ಬಳಸುವ ದೋಣಿಗಳಿಗೆಂದೇ ಮೀಸಲಾದ ಕೇಂದ್ರ ಕಾಯ್ದೆ ಭಾರತದಲ್ಲಿಲ್ಲ. ದೋಣಿ ಯಾವ ನೀರಿನಲ್ಲಿ ಓಡುತ್ತದೆ, ಅದಕ್ಕೆ ಎಂಜಿನ್ ಇದೆಯೇ, ಹಣ ಪಡೆದು ಜನರನ್ನು ಹತ್ತಿಸಿಕೊಳ್ಳುತ್ತದೆಯೇ ಎಂಬುದನ್ನು ನೋಡಿ ಯಾವ ಕಾನೂನು ಅನ್ವಯಿಸುತ್ತದೆಂದು ತೀರ್ಮಾನವಾಗುತ್ತದೆ. ಚೆನ್ನೈಯಲ್ಲಿ ಬಂದರು, ಕಡಲು, ಹಿನ್ನೀರು ಮೂರೂ ಅಕ್ಕಪಕ್ಕದಲ್ಲಿರುವುದರಿಂದ ಒಂದೇ ದೋಣಿ ಎರಡು ಮೂರು ಕಚೇರಿಗಳ ವ್ಯಾಪ್ತಿಗೆ ಬರುವುದುಂಟು.

ಬಂದರಿನ ಪರವಾನಗಿ

ಮದ್ರಾಸಿನಲ್ಲಿ ದೋಣಿಗಳ ನಿಯಂತ್ರಣ ಬಂದರಿಗಿಂತ ಹಳೆಯದು. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದ ಕಾಲದಲ್ಲಿ ಜನರನ್ನೂ ಸರಕನ್ನೂ ಅಲೆ ದಾಟಿಸಿ ದಡ ಸೇರಿಸುತ್ತಿದ್ದವು ಮಸೂಲಾ ದೋಣಿಗಳು. ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಇವುಗಳ ಒಡಲು ಅಲೆಯ ಹೊಡೆತಕ್ಕೆ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ದೋಣಿ ಮಗುಚಿದರೆ ನೀರಿಗೆ ಬಿದ್ದವರನ್ನು ಎತ್ತಲು ಕಟ್ಟುಮರಗಳು ಜೊತೆಗೇ ಸಾಗುತ್ತಿದ್ದವು. ಈ ದೋಣಿಗಳ ಮೇಲ್ವಿಚಾರಣೆ ‘ಮಾಸ್ಟರ್ ಅಟೆಂಡೆಂಟ್’ ಎಂಬ ಹಡಗುದಾಣದ ಅಧಿಕಾರಿಯ ಕಚೇರಿಯದಾಗಿತ್ತು.

ಬಂದರಿನ ಶಂಕುಸ್ಥಾಪನೆ ನಡೆದದ್ದು 1875ರಲ್ಲಿ. 1881ರ ಚಂಡಮಾರುತ ಅದರ ಗೋಡೆಗಳನ್ನು ಕೆಡವಿತು. 1904ರಲ್ಲಿ ಪೋರ್ಟ್ ಟ್ರಸ್ಟ್ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಪೂರ್ವದ ಪ್ರವೇಶದ್ವಾರವನ್ನು ಮುಚ್ಚಿಸಿ ಈಶಾನ್ಯದಲ್ಲಿ ಹೊಸದನ್ನು ತೆರೆಸಿದ ಮೇಲೆಯೇ ಒಳಗಿನ ನೀರು ಸಣ್ಣ ಹಾಯಿದೋಣಿಗಳು ತಂಗುವಷ್ಟು ಶಾಂತವಾಯಿತೆನ್ನಬಹುದು. ಇಂದಿನ ರಾಯಲ್ ಮದ್ರಾಸ್ ಯಾಟ್ ಕ್ಲಬ್ಬನ್ನು 1911ರಲ್ಲಿ ಸ್ಥಾಪಿಸಿದವರೂ ಅವರೇ.

1908ರ ಭಾರತೀಯ ಬಂದರುಗಳ ಕಾಯ್ದೆಯ 6ನೇ ಕಲಂ ಬಂದರಿನೊಳಗೆ, ಅಥವಾ ಭಾಗಶಃ ಒಳಗೆ ಭಾಗಶಃ ಹೊರಗೆ, ಓಡಾಡುವ ದೋಣಿಗಳಿಗೆ ಪರವಾನಗಿ ನಿಯಮಗಳನ್ನು ರೂಪಿಸುವ ಅಧಿಕಾರ ಕೊಟ್ಟಿತು. ಕಟ್ಟುಮರಗಳ ವಿಷಯದಲ್ಲಿ ಈ ಅಧಿಕಾರ ಬಾಡಿಗೆಗೆ ಓಡುವವುಗಳಿಗೆ ಮಾತ್ರ. ಉಳಿದ ದೋಣಿಗಳಿಗೆ ಬಾಡಿಗೆ ಇರಲಿ ಇಲ್ಲದಿರಲಿ ಅನ್ವಯಿಸುತ್ತಿತ್ತು. ಸ್ವಂತದ ದೋಣಿ ಎಂಬ ಒಂದೇ ಕಾರಣಕ್ಕೆ ಬಂದರಿನಲ್ಲಿ ವಿನಾಯಿತಿ ಸಿಗದಿರುವುದಕ್ಕೆ ಮೂಲ ಇದೇ.

ಕಡಲಿನ ನೋಂದಣಿ

1958ರ ವಾಣಿಜ್ಯ ನೌಕಾಯಾನ ಕಾಯ್ದೆಯ 5ನೇ ಭಾಗ ಎಂಜಿನ್ ಇರುವ ಕಡಲ ನೌಕೆಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ನಿವ್ವಳ 15 ಟನ್ ಮೀರದ, ಭಾರತದ ಕರಾವಳಿಯಲ್ಲಷ್ಟೇ ಓಡುವ ನೌಕೆಗಳನ್ನು ಹೊರಗಿಟ್ಟಿತು. ಇಲ್ಲಿ ಟನ್ ಎಂದರೆ ತೂಕವಲ್ಲ, ಒಡಲೊಳಗಿನ ಜಾಗದ ಅಳತೆ. ಖಾಸಗಿ ವಿಹಾರ ದೋಣಿಗಳಲ್ಲಿ ಬಹುಪಾಲು ಈ ಮಿತಿಯೊಳಗೇ ಉಳಿಯುತ್ತವೆ. ಆದರೆ ವಿದೇಶಕ್ಕೆ ಹೊರಟ ಕೂಡಲೇ ವಿನಾಯಿತಿ ತಪ್ಪುತ್ತದೆ.

ನೋಂದಣಿ ಬಯಸುವವರು ರಾಜಾಜಿ ಸಾಲೈಯ ಮರ್ಕಂಟೈಲ್ ಮೆರೈನ್ ಡಿಪಾರ್ಟ್‌ಮೆಂಟಿಗೆ ಅರ್ಜಿ ಸಲ್ಲಿಸಬೇಕು. ಸರ್ವೇಯರ್ ಬಂದು ಅಳತೆ ಮಾಡುತ್ತಾರೆ. ದೋಣಿ ಕಟ್ಟಿದವರ ಪ್ರಮಾಣಪತ್ರವನ್ನೂ ಒಡೆತನದ ಘೋಷಣೆಯನ್ನೂ ಒದಗಿಸಬೇಕು. ಒಡೆತನವನ್ನು ಹತ್ತು ಪಾಲುಗಳಾಗಿ ಲೆಕ್ಕ ಹಾಕಲಾಗುತ್ತದೆ. ಹೆಸರನ್ನು ಮುಂಭಾಗದ ಎರಡೂ ಬದಿಗಳಲ್ಲಿ, ಹೆಸರಿನೊಂದಿಗೆ ನೋಂದಣಿ ಬಂದರನ್ನು ಹಿಂಭಾಗದಲ್ಲಿ ಬರೆಸಬೇಕು. ರೇಸಿನ ಹಾಯಿಗಳ ಮೇಲೆ ಕಾಣುವ ‘ಐ.ಎನ್.ಡಿ.’ ಅಕ್ಷರಗಳೂ ಸಂಖ್ಯೆಯೂ ಕ್ರೀಡಾ ಸಂಸ್ಥೆಗಳ ಗುರುತು. ಅದಕ್ಕೆ ಕಾನೂನಿನ ನೋಂದಣಿಯ ಬೆಲೆಯಿಲ್ಲ.

ಬಂದರು ಹಾಗೂ ವಾಣಿಜ್ಯ ನೌಕಾಯಾನದ ಈ ಎರಡು ಕಾಯ್ದೆಗಳ ಬದಲಿಗೆ ಹೊಸ ಕಾಯ್ದೆಗಳನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಮೇಲಿನ ಕಲಂಗಳೂ ಮಿತಿಗಳೂ ಹಳೆಯ ಕಾಯ್ದೆಗಳವು.

ಹಿನ್ನೀರು

ಮುಟ್ಟುಕಾಡು, ಪುಲಿಕಾಟ್ ಮತ್ತು ಬಕಿಂಗ್‌ಹ್ಯಾಮ್ ಕಾಲುವೆಯಂಥ ಒಳನಾಡಿನ ನೀರಿಗೆ 1917ರ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಅನ್ವಯಿಸುತ್ತದೆ. ಎಂಜಿನ್ ದೋಣಿಗೆ ಮೊದಲು ಸರ್ವೇ ಪ್ರಮಾಣಪತ್ರ, ಆಮೇಲೆ ನೋಂದಣಿ, ಜೊತೆಗೆ ವಿಮೆ. ಒಂದು ರಾಜ್ಯದ ನೋಂದಣಿ ದೇಶದಾದ್ಯಂತ ಸಲ್ಲುತ್ತದೆ. ಹುಟ್ಟು ಹಾಕುವ ದೋಣಿಗಳಿಗೆ ಸ್ಥಳೀಯ ಸಂಸ್ಥೆಯಲ್ಲಿ ಹೆಸರು ದಾಖಲಿಸುವ ಸರಳ ಏರ್ಪಾಡನ್ನು ಕಾಯ್ದೆ ಕಲ್ಪಿಸಿದೆ. ಅಳಿವೆಯಲ್ಲಿ ಒಳನಾಡು ಎಲ್ಲಿ ಮುಗಿದು ಕಡಲು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕೇಂದ್ರ ಸರ್ಕಾರದ ಅಧಿಸೂಚನೆ ಗೊತ್ತುಪಡಿಸುತ್ತದೆ.

ಮೀನುಗಾರಿಕೆ ದೋಣಿಯ ನೋಂದಣಿ ಬೇರೆಯೇ. ಅದರ ಬಲದ ಮೇಲೆ ಪ್ರವಾಸಿಗರನ್ನು ಕರೆದೊಯ್ಯುವಂತಿಲ್ಲ. 2011ರ ಡಿಸೆಂಬರ್ 25ರಂದು ಪುಲಿಕಾಟ್‌ನಲ್ಲಿ ವಿಹಾರಕ್ಕೆ ಹೋದವರ ದೋಣಿ ಮಗುಚಿ 22 ಜನ ಸತ್ತ ಮೇಲೆ ಈ ವ್ಯತ್ಯಾಸ ಸಾರ್ವಜನಿಕರ ಗಮನಕ್ಕೆ ಬಂತು.

ಇತರ ಅಗತ್ಯಗಳು

ನೋಂದಣಿಯಿಂದ ವಿನಾಯಿತಿ ಪಡೆದ ದೋಣಿಗೂ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಿಂದ ವಿನಾಯಿತಿಯಿಲ್ಲ. 20 ಮೀಟರಿಗಿಂತ ಚಿಕ್ಕ ದೋಣಿಗಳೂ ಹಾಯಿದೋಣಿಗಳೂ ಕಿರಿದಾದ ಕಾಲುವೆಯಲ್ಲಷ್ಟೇ ಸಾಗಬಲ್ಲ ದೊಡ್ಡ ಹಡಗಿಗೆ ಅಡ್ಡಬರಕೂಡದು. ವಿ.ಎಚ್.ಎಫ್. ರೇಡಿಯೋ ಇಡಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಇರಿಡಿಯಂ, ಥುರಾಯಾ ಉಪಗ್ರಹ ಫೋನುಗಳನ್ನು ಅನುಮತಿಯಿಲ್ಲದೆ ಬಳಸುವುದು ಅಪರಾಧ. ವಿದೇಶಿ ಯಾಟುಗಳವರು ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ ಇರಬಹುದು. ಕಡಲಲ್ಲಿ ಅಪಾಯ ಒದಗಿದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ಯಾಟುಗಳ ಮೇಲಿನ ಜಿ.ಎಸ್‌.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 40.