ಪೆನ್ಯೋ ಅಚ್ಚುಮೊಳೆ: ಲಿಪಿಚರಿತ್ರೆಯ ಒಂದು ವಾದ ಮತ್ತು ಅದರ ಗತಿ

ಲಿಪಿಯ ಚರಿತ್ರೆಯನ್ನು ಶಾಸನಗಳಿಂದಲೂ ಓಲೆಯ ಪ್ರತಿಗಳಿಂದಲೂ ತಿಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಅಚ್ಚುಮೊಳೆಗಳನ್ನು ಮಾತ್ರ ಮುದ್ರಕರ ವ್ಯವಹಾರವೆಂದು ಬಿಟ್ಟುಬಿಡುತ್ತೇವೆ. ಆದರೆ ಲಿಪಿಚರಿತ್ರೆಯ ಒಂದು ಸಿದ್ಧಾಂತವನ್ನೇ ಆಧಾರವಾಗಿಟ್ಟುಕೊಂಡು ಅಚ್ಚುಮೊಳೆಯೊಂದು ಹುಟ್ಟಿದ ನಿದರ್ಶನವುಂಟು. 1937ರಲ್ಲಿ ಪ್ಯಾರಿಸಿನ ಡೆಬೆರ್ನಿ ಮತ್ತು ಪೆನ್ಯೋ ಸಂಸ್ಥೆ ಹೊರತಂದ 'ಪೆನ್ಯೋ' ಎಂಬ ಮಾದರಿಯೇ ಅದು. ಇಂದು ಎಲ್ಲರೂ ಅದನ್ನು ಅಲಂಕಾರದ ಶೀರ್ಷಿಕೆಗೆ ತಕ್ಕ ಅಕ್ಷರವೆಂದು ಎಣಿಸುತ್ತಾರೆ. ಮಾಡಿದವರ ಅಭಿಪ್ರಾಯ ಅದಾಗಿರಲಿಲ್ಲ. ಪುಸ್ತಕದ ಒಡಲನ್ನೇ ಅದರಲ್ಲಿ ಅಚ್ಚುಮಾಡಬೇಕೆಂದು ಅವರು ಬಯಸಿದ್ದರು. ಆ ವಾದ ಎಲ್ಲಿ ಎಡವಿತೆಂಬುದನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ರೋಮನ್ ಲಿಪಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ದೊಡ್ಡದು, ಚಿಕ್ಕದು ಎಂಬ ಎರಡು ರೂಪಗಳಿವೆ. ಕನ್ನಡದಲ್ಲಿ ಈ ಭೇದವಿಲ್ಲದ ಕಾರಣ ಅದರ ವಿಚಿತ್ರ ನಮಗೆ ಬೇಗ ಹೊಳೆಯುತ್ತದೆ; ಅದರಲ್ಲೇ ಬೆಳೆದವರಿಗೆ ಹೊಳೆಯುವುದು ಅಪರೂಪ. ದೊಡ್ಡಕ್ಷರಗಳು ಪ್ರಾಚೀನ ರೋಮಿನ ಶಿಲಾಶಾಸನಗಳವು, ಕ್ರಿ. ಶ. 113ರ ಟ್ರೇಜನನ ಸ್ತಂಭದ ಶಾಸನ ಅವುಗಳ ಮೇಲ್ಮಟ್ಟದ ಮಾದರಿ. ಚಿಕ್ಕಕ್ಷರಗಳು ಲೇಖನಿ ಹಿಡಿದವರ ಕೈಯಲ್ಲಿ ಶತಮಾನಗಳ ಕಾಲ ರೂಪುಗೊಂಡು, ಸುಮಾರು 800ರ ಹೊತ್ತಿಗೆ ಕರೋಲಿಂಜಿಯನ್ ಬರಹವಾಗಿ ನೆಲೆನಿಂತವು. ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸರು ಈ ಎರಡನ್ನೂ ಜೊತೆಗೂಡಿಸಿದರು. ಮುದ್ರಕರು ಆ ಜೋಡಿಯನ್ನೇ ಸೀಸದಲ್ಲಿ ಎರಕ ಹೊಯ್ದರು.

ಪೆನ್ಯೋ ಮಾದರಿಯನ್ನು ರಚಿಸಿದವನು ಎ. ಎಂ. ಕಸಾಂದ್ರ್. ಅವನ ನಿಜನಾಮ ಅಡಾಲ್ಫ್ ಮೂರೋನ್. 1901ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರಾದವನು. 1927ರ 'ನಾರ್ ಎಕ್ಸ್‌ಪ್ರೆಸ್' ರೈಲಿನ ಭಿತ್ತಿಪತ್ರವನ್ನೂ 1935ರ 'ನಾರ್ಮಂಡಿ' ಹಡಗಿನ ಭಿತ್ತಿಪತ್ರವನ್ನೂ ಕಂಡವರು ಅವನ ಕೈವಾಡವನ್ನು ಮರೆಯಲಾರರು. 1929ರಲ್ಲಿ ಅವನು ರಚಿಸಿದ್ದ 'ಬಿಫ್ಯೂರ್' ಕೇವಲ ಜಾಹೀರಾತಿಗೆಂದೇ ಹುಟ್ಟಿದ್ದು. ಈ ಹೊಸ ಮಾದರಿಯ ಹಿಂದೆ ಮಾತ್ರ ಬೇರೆಯೇ ಆಕಾಂಕ್ಷೆಯಿತ್ತು. ಅದಕ್ಕೆ ಆಸರೆಯಾಗಿ ನಿಂತು ತನ್ನ ಮನೆತನದ ಹೆಸರನ್ನೇ ಕೊಟ್ಟವನು ಸಂಸ್ಥೆಯ ಮುಖ್ಯಸ್ಥನಾದ ಚಾರ್ಲ್ಸ್ ಪೆನ್ಯೋ. (ಆ ಸಂಸ್ಥೆಯ ಒಂದು ಮೂಲ, ಕಾದಂಬರಿಕಾರ ಬಾಲ್ಜಾಕನು 1827ರಲ್ಲಿ ಕೈಹಾಕಿ ನಷ್ಟಪಟ್ಟ ಮೊಳೆ ಎರಕದ ಉದ್ಯಮ ಎಂಬುದು ಪ್ರಸಂಗವಶಾತ್ ಹೇಳತಕ್ಕ ಮಾತು.)

ಅವರ ವಾದ ಹೀಗಿತ್ತು: ಚಿಕ್ಕಕ್ಷರವೆಂಬುದು ಬರೆಯುವ ಕೈಯ ಅವಸರದಿಂದ ದೊಡ್ಡಕ್ಷರಕ್ಕೆ ಬಂದ ವಿಕಾರ. ಅಚ್ಚಿನ ಮೊಳೆಗೆ ಕೈಯ ಅವಸರವಿಲ್ಲ. ಆದ್ದರಿಂದ ಮುದ್ರಣವು ಮೂಲರೂಪಕ್ಕೆ ಮರಳಬಹುದು, ಮರಳಬೇಕು. ಇದಕ್ಕನುಗುಣವಾಗಿ ಪೆನ್ಯೋದ ಚಿಕ್ಕಕ್ಷರಗಳ ಸಾಲಿನಲ್ಲಿ ಎ, ಇ, ಜಿ, ಎನ್, ಆರ್ ಮೊದಲಾದವು ಗಾತ್ರ ಕುಗ್ಗಿಸಿದ ದೊಡ್ಡಕ್ಷರಗಳೇ ಆಗಿವೆ. ಬಿ, ಡಿ, ಎಫ್‌ಗಳು ಮಾತ್ರ ವಾಡಿಕೆಯ ರೂಪದಲ್ಲಿ ಉಳಿದವು. ಸಾಲಿನಿಂದ ಮೇಲೇರುವ, ಕೆಳಗಿಳಿಯುವ ಗೆರೆಗಳನ್ನು ಓದುವ ಕಣ್ಣಿಗೆ ಆಸರೆಯೆಂದು ಅಲ್ಲಲ್ಲಿ ಇರಿಸಿಕೊಂಡರು. ಗೆರೆಯ ತುದಿಗೆ ಅಡ್ಡಚಾಚುಗಳಿಲ್ಲ. ಆದಕಾರಣ ಇದು ಸ್ಯಾನ್ಸ್ ಸೆರಿಫ್ ವರ್ಗದ್ದು. ಆದರೆ ಆ ವರ್ಗದ ಸಾಮಾನ್ಯ ಅಕ್ಷರಗಳಂತೆ ಗೆರೆಯ ದಪ್ಪ ಒಂದೇ ಸಮನಾಗಿಲ್ಲ. ದಪ್ಪ ಗೆರೆಯೂ ತೆಳುಗೆರೆಯೂ ಲೇಖನಿಯಿಂದ ಎಳೆದಂತೆ ಬದಲಾಗುತ್ತವೆ. ಕೈಬರಹದ ವಿಕಾರವನ್ನು ಕಳೆಯಹೊರಟವರು ಕೈಬರಹದ ಈ ಗುಣವನ್ನು ಉಳಿಸಿಕೊಂಡದ್ದು ಗಮನಿಸತಕ್ಕದ್ದು. ಆ ಮಾದರಿಗೆ ಚೆಲುವು ಬಂದದ್ದೂ ಇದರಿಂದಲೇ ಎಂದು ನಮ್ಮ ಮತ.

ವಾದದ ದೋಷ ಬೇರೆಡೆ ಇದೆ. ಮೊದಲಿನದು ಶುದ್ಧ, ಆಮೇಲಿನದು ಕೆಟ್ಟದ್ದು ಎಂಬ ಎಣಿಕೆ ಚರಿತ್ರೆಯಿಂದ ಬಂದ ನಿರ್ಣಯವಲ್ಲ. ಚರಿತ್ರೆಯ ಮೇಲೆ ಹೊರಿಸಿದ್ದು. ಕಸಾಂದ್ರನಿಗೆ ಪ್ರೇರಣೆಯಾಗಿದ್ದ ಲಿಪಿಶಾಸ್ತ್ರಜ್ಞ ಜಾನ್ ಮಲೋನ್ 1952ರಲ್ಲಿ ಪ್ರಕಟಿಸಿದ ರೋಮನ್ ಲಿಪಿಶಾಸ್ತ್ರದ ಗ್ರಂಥವೇ ಇದಕ್ಕೆ ಉತ್ತರವೆನ್ನಬಹುದು. ಅಕ್ಷರದ ಹೊರರೂಪವನ್ನಷ್ಟೇ ಹೋಲಿಸಿದರೆ ಸಾಲದು; ಗೆರೆಗಳನ್ನು ಎಳೆದ ಕ್ರಮ, ಲೇಖನಿ ಹಾಳೆಯ ಸಾಲಿಗೆ ಮಾಡುವ ಕೋನ, ಬರೆವ ವಸ್ತು ಇವೆಲ್ಲವನ್ನೂ ನೋಡಬೇಕೆಂದು ಆತ ತೋರಿಸಿಕೊಟ್ಟ. ಹಾಗೆ ನೋಡಿದಾಗ ಚಿಕ್ಕಕ್ಷರವು ತನ್ನದೇ ನಿಯಮವುಳ್ಳ ಬರಹವಾಗಿ ಕಾಣುತ್ತದೆ. ಇನ್ನು ಓದುಗನ ಮಾತು. ಐದು ಶತಮಾನಗಳ ಅಚ್ಚಿನಿಂದ ಯಾವ ರೂಪಕ್ಕೆ ಕಣ್ಣು ಪಳಗಿದೆಯೋ ಅದನ್ನೇ ಅದು ಸಲೀಸಾಗಿ ಓದುತ್ತದೆ. ಪೆನ್ಯೋದಲ್ಲಿ ಒಂದು ಸಾಲು ಹಿತ, ಒಂದು ಪುಟ ಆಯಾಸ. ಪುಸ್ತಕದ ಲೋಕ ಅದನ್ನು ಸ್ವೀಕರಿಸಲಿಲ್ಲ.

ಸಾಲಿನ ಮಟ್ಟಿಗೆ ಅದಕ್ಕೆ ದೊರೆತ ಮನ್ನಣೆ ಸಣ್ಣದಲ್ಲ. 1937ರ ಮೇ ತಿಂಗಳಿನಿಂದ ನವೆಂಬರ್‌ವರೆಗೆ ನಡೆದ ಪ್ಯಾರಿಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅದು ಬಳಕೆಗೆ ಬಂದಿತು. ಪುಸ್ತಕಕ್ಕೆಂದು ಹುಟ್ಟಿದ್ದು ಹೀಗೆ ಮೊದಲ ವರ್ಷವೇ ಉತ್ಸವದ ಅಕ್ಷರವಾಯಿತು. ಮುಂದೆ ಜಾಹೀರಾತು, ಅಂಗಡಿಯ ಫಲಕ, ಸುಗಂಧದ್ರವ್ಯದ ಪೆಟ್ಟಿಗೆ ಇವುಗಳಿಗೆ ತಕ್ಕದ್ದೆಂಬ ಭಾವನೆ ಬೆಳೆಯಿತು. ಕಸಾಂದ್ರ್ 1968ರಲ್ಲಿ ತೀರಿಕೊಂಡ. ಎರಡು ವರ್ಷಗಳ ಬಳಿಕ ಅಮೆರಿಕದಲ್ಲಿ 'ಮೇರಿ ಟೈಲರ್ ಮೂರ್' ಎಂಬ ದೂರದರ್ಶನದ ಹಾಸ್ಯಮಾಲೆ ಆರಂಭವಾಗಿ 1977ರವರೆಗೆ ನಡೆಯಿತು. ಅದರ ಶೀರ್ಷಿಕೆ ಪೆನ್ಯೋ ಅಕ್ಷರದಲ್ಲಿತ್ತು. ನಟಿಯ ಹೆಸರಿನ ನಡುವೆ ಎ, ಆರ್, ಇ ಅಕ್ಷರಗಳು ಕುಗ್ಗಿದ ದೊಡ್ಡಕ್ಷರಗಳಾಗಿ ನಿಂತಿದ್ದವು. ವಾರವಾರವೂ ಅದನ್ನು ನೋಡಿದ ಲಕ್ಷಾಂತರ ಜನರಿಗೆ ಅದು ಆ ಕಾಲದ ಒಯ್ಯಾರವಾಗಿ ಕಂಡಿತೇ ಹೊರತು ರೋಮನ್ ಲಿಪಿಯನ್ನು ಮೂಲಕ್ಕೆ ತಿರುಗಿಸುವ ಯತ್ನವಾಗಿ ಅಲ್ಲ.